ಬಲೂತ್ ಹಾಳೆಯ ಮೇಲಿನ ಹೆಸರು

ನಿನ್ನೆ ಸೀರೆಗಳ ಪೆಟ್ಟಿಗೆ ತೆರೆದೆ, ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ಬೇರೆಯವರಿಗೆ ಅದರಿಂದ ಮದುವೆಮನೆ ನೆನಪಾಗುತ್ತದೋ ಏನೋ, ನನಗೆ ನೆನಪಾಗುವುದು ಅಬುಧಾಬಿಯ ಒಂದು ಹರ್ಬೇರಿಯಂ. ಹೆಸರು ಕೇಳಿ ಗಾಬರಿಯಾಗಬೇಡಿ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹುಳು ಹಿಡಿಯದಂತೆ ನುಸಿಗುಳಿಗೆ ಇಟ್ಟು, ಎಲ್ಲಿ, ಯಾವಾಗ, ಯಾರು ತಂದರೆಂದು ಚೀಟಿ ಹಚ್ಚಿಡುವ ಕೋಣೆ, ಅಷ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ ಆ ಚೀಟಿಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ಮೈಸೂರಿನಲ್ಲಿ ಕಾಮರ್ಸ್ ಓದಿದವಳು. ತುಂಬೆಗೂ ತುಳಸಿಗೂ ವ್ಯತ್ಯಾಸ ಗೊತ್ತಿದ್ದದ್ದೇ ದೊಡ್ಡದು.

ಅಲ್ಲಿ ಒಂದು ಹಾಳೆ ನಮ್ಮ ಮುಖ್ಯಸ್ಥರಾಗಿದ್ದ ಸಸ್ಯವಿಜ್ಞಾನಿ ಡಾಕ್ಟರ್ ಸಾಹೇಬರಿಗೆ ತಲೆನೋವಾಗಿತ್ತು. ಪಾಕಿಸ್ತಾನದ ಪಶ್ಚಿಮ ಬೆಟ್ಟಗಳ ಕಾಡು ಓಕ್, ವರ್ಷವಿಡೀ ಹಸಿರಾಗಿರುವ ಜಾತಿ. ಹಾಳೆಯಲ್ಲಿ ಎಲೆ ಮಾತ್ರ ಇತ್ತು. ಕಾಯಿ ನೋಡದೆ ಖಚಿತವಾಗಿ ಹೇಳಲಾರೆ ಎಂದು ಅವರ ಹಟ.

ನಮ್ಮ ವ್ಯಾನ್ ಓಡಿಸುತ್ತಿದ್ದ ಪಠಾಣರನ್ನು ಎಲ್ಲರೂ ಖಾನ್ ಚಾಚಾ ಎನ್ನುತ್ತಿದ್ದೆವು. ದಿನಾ ಸಂಜೆ ನನ್ನನ್ನು ಟೂರಿಸ್ಟ್ ಕ್ಲಬ್ ಏರಿಯಾದ ಮನೆಗೆ ಬಿಡುತ್ತಿದ್ದವರೂ ಅವರೇ. ಒಂದು ದಿನ ಆ ಹಾಳೆ ಕಂಡು ನಿಂತುಬಿಟ್ಟರು. ಇದು ತಮ್ಮೂರಿನ ಬಲೂತ್, ಹಿಮ ಬಿದ್ದಾಗ ಅಮ್ಮ ಇದರ ಸೊಪ್ಪನ್ನೇ ಕಡಿದು ಮೇಕೆಗಳಿಗೆ ಹಾಕುತ್ತಿದ್ದರು ಎಂದರು. ಆ ತಾಯಿ ತೀರಿಕೊಂಡಾಗ ಇವರಿಗೆ ರಜೆ ಸಿಕ್ಕಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಕಾಯಿ ಇರುವ ಕೊಂಬೆ ತನ್ನಿ ಎಂದೆ. ತಂದರು. ನಾನು ಹೇಳಿಕೊಟ್ಟಂತೆಯೇ ಉರ್ದು ಪೇಪರಿನ ನಡುವೆ ಒತ್ತಿ, ಸೂಟ್‌ಕೇಸಿನಲ್ಲಿ ಬಟ್ಟೆ ಕಡಿಮೆ ಮಾಡಿಕೊಂಡು. ತಾಯಿಯ ಗೋರಿಯ ಪಕ್ಕದ ಮರದ್ದಂತೆ. ಡಾಕ್ಟರು ಹಿಗ್ಗಿಹೋದರು.

"ಬೇಟಿ, ಇದರಲ್ಲಿ ನನ್ನ ಹೆಸರು ಬರುತ್ತಾ?" ಎಂದು ಕೇಳಿದರು ಚಾಚಾ. ಬರುತ್ತದೆ ಎಂದೆ.

ಟೈಪ್ ಮಾಡಲು ಕೂತಾಗ ಅಳುಕಾಯಿತು. ಉಳಿದ ಚೀಟಿಗಳಲ್ಲೆಲ್ಲ ದೊಡ್ಡ ದೊಡ್ಡ ಡಾಕ್ಟರುಗಳ ಹೆಸರು. ಡ್ರೈವರ್ ತಂದದ್ದೆಂದರೆ ಯಾರು ನಂಬುತ್ತಾರೆ? ಯಾರನ್ನೂ ಕೇಳದೆ, ನನ್ನದೇ ಅತಿಬುದ್ಧಿಯಿಂದ ನಮ್ಮ ಡಾಕ್ಟರ ಹೆಸರು ಹೊಡೆದೆ. ಅವರೂ ಕಣ್ಣು ಹಾಯಿಸದೆ ಸಹಿ ಹಾಕಿದರು.

ಚಾಚಾ ನೋಡಲು ಬಂದರು. ಇಂಗ್ಲಿಷ್ ಓದಲು ಬಾರದು. ಎಲ್ಲಿದೆ ತೋರಿಸು ಎಂದರು. ನನ್ನ ಹಾಳು ಬೆರಳು ಡಾಕ್ಟರ ಹೆಸರಿನ ಮೇಲೆ ಹೋಗಿ ಕೂತಿತು. ಅವರು ಕೈಯನ್ನು ಅಂಗಿಗೆ ಒರೆಸಿಕೊಂಡು ಆ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದರು.

"ಅಮ್ಮನ ಮರದ ಜೊತೆ ನನ್ನ ಹೆಸರು," ಎಂದರು.

ನಾಚಿಕೆಯಿಂದ ಸತ್ತುಹೋದೆ, ಆದರೂ ಹಾಳೆಯನ್ನು ಹಾಗೆಯೇ ಬೀರುವಿನಲ್ಲಿಟ್ಟೆ. ವರ್ಷದೊಳಗೆ ಅವರ ವೀಸಾ ಮುಗಿಯಿತು, ಊರಿಗೆ ಹೊರಟುಹೋದರು.

ಇಷ್ಟು ವರ್ಷ ಗಂಡನಿಗೂ ಹೇಳದ್ದನ್ನು ನಿನ್ನೆ ಆ ಹರ್ಬೇರಿಯಮ್ಮಿಗೆ ಈಮೇಲ್ ಬರೆದೆ. ತಪ್ಪು ನನ್ನದು, ತಂದವರ ಹೆಸರು ತಿದ್ದಿ ಎಂದೆ. ಮಹಾ ಪ್ರಾಮಾಣಿಕಳಂತೆ ನೆಮ್ಮದಿಯ ನಿದ್ದೆಯೂ ಬಂತು. ಇವತ್ತು ಬೆಳಿಗ್ಗೆ ಉತ್ತರ ಬಂದಿದೆ. ಒಳ್ಳೆಯ ಜನ, ಪಾಪ. ಅಗತ್ಯವಾಗಿ ತಿದ್ದುತ್ತೇವೆ, ಅವರ ಪೂರ್ತಿ ಹೆಸರು ಕಳಿಸಿ ಎಂದಿದ್ದಾರೆ.

ಆಗಿನಿಂದ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಚಾಚಾನ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ.