ಬೇರೆಯವರ ಹಾಸಿಗೆಯಲ್ಲಿ ಬೆಳಗು

ಮಲೇಷ್ಯಾದ ಮೆಲಾಕಾ ಊರಿನ ಹಳೆಯ ಬೀದಿಯಲ್ಲಿ ಮುಂಜಾನೆಯ ಅಜಾನ್ ಇನ್ನೂ ಮುಗಿದಿಲ್ಲ. ವೇದವತಿ ಬೇರೆಯವರ ಮಂಚದ ಮೇಲೆ, ತಾವೇ ತಂದು ಹಾಸಿದ ಬಿಳಿ ಬೆಡ್‌ಶೀಟಿನ ನಡುವೆ ಕಣ್ಣು ಬಿಡುತ್ತಾರೆ. ಮೈ ಅಲುಗಿಸುವುದಿಲ್ಲ. ಕೈ ಮಾತ್ರ ದಿಂಬಿನಡಿಯ ಟಾರ್ಚನ್ನು ಹುಡುಕುತ್ತದೆ. ಬೆಳಕು ಮೊದಲು ತಮ್ಮದೇ ತೋಳಿನ ಮೇಲೆ ಬಿದ್ದು, ಬೆಡ್‌ಶೀಟಿನ ಅಂಚಿಗೆ ಸರಿದು, ಅಲ್ಲಿಂದ ಗೋಡೆ ಹತ್ತುತ್ತದೆ. ರಕ್ತ ಕುಡಿದು ಹೊಟ್ಟೆ ಭಾರವಾದ ಕೀಟ ಬೆಳಕು ಹರಿಯುವ ಮುನ್ನ ಗೂಡು ಸೇರಬೇಕು. ಆ ಹೊತ್ತಿನಲ್ಲಿ ಅದರ ಬೆನ್ನು ಹತ್ತಿದವರಿಗೆ ಗೂಡೂ ಸಿಗುತ್ತದೆ.

"ಎಚ್ಚರ ಇದ್ದು ಹೊರಳಾಡಿದ್ರೆ ಅದು ಹತ್ರ ಬರುದಿಲ್ಲ. ಹಾಗಾಗಿ ನಿಜವಾಗಿಯೇ ಮಲಗುದು, ಗೊರಕೆ ಸಮೇತ" ಎನ್ನುತ್ತಾರೆ ಅವರು.

ಐವತ್ತು ದಾಟಿರುವ ವೇದವತಿ ಇಲ್ಲಿನ ವೈದ್ಯಕೀಯ ಕಾಲೇಜೊಂದರ ಕೀಟ ಪ್ರಯೋಗಾಲಯದಲ್ಲಿ ಸಹಾಯಕಿ. ಊರು ಉಡುಪಿ ಬಳಿಯ ಕಲ್ಯಾಣಪುರ. ಗಂಡ ಜಯಕರ ಕಾಲೇಜು ಕ್ಯಾಂಟೀನಿಗೆ ಅಡುಗೆಯವರಾಗಿ ಬಂದಾಗ ಜೊತೆಗೆ ಬಂದವರು, ಮೊದಲು ಗಾಜಿನ ಸಾಮಾನು ತೊಳೆಯುತ್ತಿದ್ದರು. ಕೀಟಗಳ ಜಾಡಿ ಮುಟ್ಟಲು ಯಾರೂ ಮುಂದೆ ಬಾರದಿದ್ದಾಗ ಅದೂ ಇವರ ಪಾಲಿಗೆ ಬಂತು. ಮನೆಗಳಿಗೆ ಹೋಗಿ ಹುಡುಕುವುದು ಅವರ ಕೆಲಸದ ಕರಾರಿನಲ್ಲೇ ಇಲ್ಲ. ರಜೆ ಹಾಕಿ ಹೋಗುತ್ತಾರೆ. ದೀಪಾವಳಿ ಊಟಕ್ಕೆ ಹೋದರೆ ಗೆಳತಿಯರು ಕೈಚೀಲ ಬಾಗಿಲಲ್ಲೇ ಇಡಿಸುತ್ತಾರೆ. ಜಯಕರ ಅವರದ್ದು ಬೇರೆ ದೂರು: "ಮದುವೆ ಆದದ್ದು ನನ್ನನ್ನ. ಮಲಗುದು ಊರವರ ಮನೆಯಲ್ಲಿ."

ದಕ್ಷಿಣ ಅಮೆರಿಕದ ಹಳ್ಳಿಗಳಲ್ಲಿ ಚಾಗಸ್ ಕಾಯಿಲೆ ಹರಡುವ ಕೀಟಗಳಿಗೆ ಇಲ್ಲೊಬ್ಬ ನೆಂಟನಿದ್ದಾನೆ. ಕಪ್ಪು ಮೈ, ಅಂಚಿಗೆ ಕಿತ್ತಳೆಗೆಂಪು ಪಟ್ಟಿ, ತಿಗಣೆಗಿಂತ ಎಷ್ಟೋ ದೊಡ್ಡದು. ಅಲ್ಲಿನ ಕೀಟದ ಹಿಕ್ಕೆಯಲ್ಲಿರುವ ರೋಗಾಣು ಕಡಿದ ಜಾಗ ಕೆರೆದಾಗ ಒಳಸೇರಿ, ಎಷ್ಟೋ ವರ್ಷಗಳ ಮೇಲೆ ಹೃದಯವನ್ನೇ ದುರ್ಬಲಗೊಳಿಸಬಲ್ಲದು. ಇಲ್ಲಿ ಆ ರೋಗಾಣುವಿನ ಕಾಟವಿಲ್ಲ. ಆದರೆ ಕೀಟದ ಜೊಲ್ಲೇ ಕೆಲವರ ಮೈಗೆ ವಿಷ.

ಈ ಮನೆಯಲ್ಲಿ ಬಾಡಿಗೆಗಿರುವ ಶರ್ಮಿಳಾ ಅಂಥವರಲ್ಲೊಬ್ಬರು. ಮಣಿಪಾಲದಿಂದ ಬಂದ ಉಪನ್ಯಾಸಕಿ. ಕಳೆದ ತಿಂಗಳು ಕೀಟ ಕಡಿದು ಮೈಯೆಲ್ಲ ದದ್ದೆದ್ದು, ಗಂಟಲು ಬಿಗಿದು ಆಸ್ಪತ್ರೆ ಸೇರಿದ್ದರು. ಇನ್ನೊಮ್ಮೆ ಕಡಿದರೆ ಉಸಿರೇ ನಿಲ್ಲಬಹುದು ಎಂದಿದ್ದಾರೆ ವೈದ್ಯರು. ಈಗ ಮಗಳು ಇಂಚರಳ ಜೊತೆ ಸಹೋದ್ಯೋಗಿಯ ಮನೆಯ ಸೋಫಾದಲ್ಲಿ ರಾತ್ರಿ ಕಳೆಯುತ್ತಾರೆ. "ಸೊಳ್ಳೆ ಕೂತ್ರೂ ಎದ್ದು ಲೈಟ್ ಹಾಕ್ತೀನಿ, ವೇದಕ್ಕ. ನಿದ್ದೆ ಅಂದ್ರೇನು ಅನ್ನೋದೇ ಮರ್ತೋಗಿದೆ" ಎಂದು ಫೋನಿನಲ್ಲಿ ಹೇಳಿದ್ದರು. ವೇದವತಿಗೂ ಕೀಟ ಕಡಿದಿದೆ, ತುರಿಕೆ ಮಾತ್ರ. ಆದರೂ ತುರ್ತು ಚುಚ್ಚುಮದ್ದನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ.

ಮನೆಯ ಮಾಲೀಕ, ಚೀನೀ ಮೂಲದ ಹಿರಿಯ ಟಾನ್, ಹಿಂಭಾಗದಲ್ಲಿ ಒಬ್ಬರೇ ಇರುತ್ತಾರೆ. ಜಗಲಿಯ ದೀಪಕ್ಕೆ ಹೊರಗಿನಿಂದ ಹಾರಿ ಬರುವ ಕೀಟ ಎಂಬುದು ಅವರ ವಾದ. ಮನೆಯವರ ಚಪ್ಪಲಿಗೆ ಸಿಕ್ಕಿ ಸತ್ತವೆಲ್ಲ ರೆಕ್ಕೆಯವೇ ಆದ್ದರಿಂದ ವಾದ ಗೆದ್ದೂ ಇತ್ತು. ಹೊಗೆ ಹಾಕುವವರಿಗೆ ಇವತ್ತೇ ಬರಲು ಹೇಳಿದ್ದಾರೆ. "ಹೊಗೆ ಹಾಕಿದರೆ ಮುಗಿಯಿತು ಲಾ" ಎನ್ನುತ್ತಾರೆ, ಮಾತಿನ ಕೊನೆಗೆ ಇಲ್ಲಿನವರ 'ಲಾ' ಸೇರಿಸಿ.

"ಹೊಗೆಗೆ ಸೊಳ್ಳೆ ಸಾಯ್ತದೆ ಅಂಕಲ್. ಇದು ಬಿರುಕಿನೊಳಗೆ ಕೂತು ನಾಲ್ಕು ಸಲ ಕೆಮ್ಮಿ, ನಾಳೆ ಪಕ್ಕದ ಮನೆಗೆ ಹೋಗ್ತದೆ" ಎಂದು ವೇದವತಿ ಮಲಯ ಭಾಷೆಯಲ್ಲಿ ಉತ್ತರಿಸಿದ್ದರು. ಹಿಂದೊಂದು ಬೀದಿಯಲ್ಲಿ ಹಾಗೆಯೇ ಆಗಿದ್ದನ್ನು ಅವರು ಕಂಡಿದ್ದಾರೆ.

ಇಂದು ಇಲ್ಲಿ ಅವರ ಮೂರನೆಯ ಬೆಳಗು. ಟಾರ್ಚಿನ ಬೆಳಕು ಗೋಡೆಯ ಮೇಲೆ ನಿಲ್ಲುತ್ತದೆ. ನೇರಳೆ ಹಣ್ಣಿನಂತೆ ಹೊಟ್ಟೆ ಉಬ್ಬಿದ ಮರಿ ಕೀಟವೊಂದು ನಿಧಾನಕ್ಕೆ ನಡೆಯುತ್ತಿದೆ. ವೇದವತಿ ಅದನ್ನು ಹಿಡಿಯುವುದಿಲ್ಲ. ಬರಿಗಾಲಲ್ಲಿ, ಉಸಿರು ಬಿಗಿಹಿಡಿದು, ಅದರ ಹಿಂದೆ ಹೋಗುತ್ತಾರೆ. ಮರಿ ಪಕ್ಕದ ಕೋಣೆಯ ಬೀಗ ಹಾಕಿದ ಬಾಗಿಲ ಸಂದಿಯಲ್ಲಿ ನುಸುಳಿ ಮಾಯವಾಗುತ್ತದೆ.

"ಮರಿಗೆ ರೆಕ್ಕೆ ಇಲ್ಲ. ಹಾರಿ ಬಂದದ್ದಲ್ಲ ಅಂಕಲ್, ಇಲ್ಲೇ ಹುಟ್ಟಿದ್ದು. ಬಾಗಿಲು ತೆಗೀರಿ."

ಅವರ ಕರೆಗೆ ಎದ್ದು ಬಂದ ಟಾನ್ ಅಡ್ಡಡ್ಡ ತಲೆಯಾಡಿಸುತ್ತಾರೆ. ಅದು ತೀರಿಹೋದ ಹೆಂಡತಿಯ ಕೋಣೆ. ಅಂದು ಮುಚ್ಚಿದ್ದನ್ನು ಮತ್ತೆ ತೆರೆದಿಲ್ಲ. "ಒಳಗೆ ಏನೂ ಇಲ್ಲ. ಹಾಸಿಗೆ, ಮಂಚ, ಅಷ್ಟೇ."

ವೇದವತಿ ಆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಾರೆ. "ಹೊಗೆಯವರು ಬಂದ್ರೆ ನನಗೂ ಹಾಕ್ಲಿ. ನಾನು ಕೂತೇ ಇರ್ತೇನೆ. ಒಂದು ಕೋಪಿ ಆದ್ರೂ ಕೊಡಿ."

ಟಾನ್ ಗೊಣಗುತ್ತ ಒಳಗೆ ಹೋಗುತ್ತಾರೆ. ಇಲ್ಲಿನವರ ಕಾಫಿಯಾದ ಕೋಪಿ ಬರುತ್ತದೆ. ಎದುರಿಗೇ ಕುರ್ಚಿ ಎಳೆದು ಕೂತು, ಅವಳಿಗೂ ಹೀಗೇ ಹಟ ಇತ್ತು ಎನ್ನುತ್ತಾರೆ. ಲೋಟ ಬರಿದಾಗುವ ಹೊತ್ತಿಗೆ ಜೇಬಿನಿಂದ ಬೀಗದ ಕೈ ತೆಗೆಯುತ್ತಾರೆ.

ಬೂರುಗದ ಹತ್ತಿಯ ಹಾಸಿಗೆಯನ್ನು ಇಲಿಗಳು ಕೊರೆದು ಸಂಸಾರ ಹೂಡಿವೆ. ಇಲಿಯ ರಕ್ತವನ್ನೇ ನೆಚ್ಚಿದ ಕೀಟಗಳು ಹೊಲಿಗೆಯ ಸಾಲಿನಲ್ಲಿ ಒತ್ತಾಗಿ ಕೂತಿವೆ. ಸುತ್ತ ಅವು ಕಳಚಿದ ಪೊರೆ, ಮೊಟ್ಟೆಯ ಚಿಪ್ಪು. ಟಾನ್ ಹೊಸ್ತಿಲಲ್ಲೇ ನಿಂತು ಮಂಚವನ್ನೇ ನೋಡುತ್ತಾರೆ.

"ಹಾಸಿಗೆ ಹೋಗ್ತದೆ ಅಂಕಲ್. ಮಂಚ ನಾನು ಉಳಿಸಿ ಕೊಡ್ತೇನೆ."

ಹೊಗೆಯವರನ್ನು ವಾಪಸು ಕಳಿಸಿದ್ದು ಟಾನ್ ಅವರೇ. ಹಾಸಿಗೆಯನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸುಡಲು ಒಯ್ಯುತ್ತಾರೆ. ಇಲಿಗಳಿಗೆ ಬೋನು ಬೀಳುತ್ತದೆ, ಬಿಲಗಳಿಗೆ ಸಿಮೆಂಟು. ಗೋಡೆಗೆ ತಿಂಗಳುಗಟ್ಟಲೆ ಉಳಿಯುವ ಕೀಟನಾಶಕ. ತೇಗದ ಮಂಚದ ಒಂದೊಂದು ಸಂದಿಯನ್ನೂ ವೇದವತಿ ಹಲ್ಲುಜ್ಜುವ ಬ್ರಷ್ಷು, ಕುದಿನೀರು ಹಿಡಿದು ತಿಕ್ಕುತ್ತಾರೆ. ಆಮೇಲೆ ಮತ್ತೆ ಶರ್ಮಿಳಾ ಅವರ ಹಾಸಿಗೆಯಲ್ಲಿ ಮಲಗಲು ಹೊರಡುತ್ತಾರೆ. ಬಿಳಿ ಬೆಡ್‌ಶೀಟಿನ ಮೇಲೆ ಬೆಳಗಾದರೂ ಕೀಟದ ಹಿಕ್ಕೆಯ ಒಂದು ಕಲೆಯೂ ಬೀಳದ ದಿನಗಳು ಸಾಲಾಗಿ ಬರುವವರೆಗೆ ಮನೆಯವರನ್ನು ಒಳಗೆ ಬಿಡುವುದಿಲ್ಲ.

ಆ ದಿನಗಳೂ ಕಳೆದು, ಈ ಭಾನುವಾರ ಶರ್ಮಿಳಾ ಮರಳಿದ ಮೇಲಿನ ಮೊದಲ ಬೆಳಗು. ಯಾವುದಕ್ಕೂ ಇರಲಿ ಎಂದು ವೇದವತಿ ನಡುಮನೆಯಲ್ಲೇ ಮಲಗಿದ್ದರು. ಬಿಸಿಲು ಏರಿದೆ. ಟಾನ್ ಎಲ್ಲರಿಗೂ ಬೀದಿ ಕೊನೆಯ ಮಾಮಕ್ ಅಂಗಡಿಯಿಂದ, ತಮಿಳು ಮುಸ್ಲಿಮರ ಹೋಟೆಲಿನಿಂದ, ರೋಟಿ ತಂದಿದ್ದಾರೆ. ಇಂಚರ ಎದ್ದು ಬಂದು, ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುತ್ತ, ಆಗಲೇ ತನ್ನ ಪಾಲು ಮುಗಿಸಿದ್ದಾಳೆ. ಶರ್ಮಿಳಾ ಮಾತ್ರ ಇನ್ನೂ ಎದ್ದಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ವೇದವತಿ ನಗುತ್ತಾರೆ. "ನಂದೇ ಮನೆಯಲ್ಲಿ, ನಂದೇ ಹಾಸಿಗೆಯಲ್ಲಿ, ಎಂಟು ಗಂಟೆವರೆಗೆ ಮಲಗಬೇಕು. ಅಷ್ಟೇ."

ರೋಟಿ ಆರುತ್ತದೆಂದು ಟಾನ್ ಕೋಣೆಯ ಬಾಗಿಲು ಬಡಿಯಲು ಕೈ ಎತ್ತುತ್ತಾರೆ. ವೇದವತಿ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸುತ್ತಾರೆ.

"ಏಳಿಸಬೇಡಿ ಅಂಕಲ್. ಆರಿದ್ರೆ ಆರ್ಲಿ."