ಮೇಲಿನ ಮನೆಯವರ ಸಿಸ್ಟಮ್ ಕಾಲ್

ಸಿಂಚನಾ, ಧನುಷ್, ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರ ಎಡಗೈಯಲ್ಲಿ ಒಂದು ನರ ಹಗ್ಗದ ಹಾಗೆ ಉಬ್ಬಿಕೊಂಡಿತ್ತು. ಮುಟ್ಟಿದರೆ ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಅದುರುತ್ತದೆ ಎಂದು ನಿಮ್ಮ ತಾತ ಹೇಳುತ್ತಿದ್ದರು. ಎರಡೂ ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆಂದು ಡಾಕ್ಟರು ಮಾಡಿಕೊಟ್ಟದ್ದು ಅದು. ಆ ಕೈಯನ್ನು ದಿಂಬಿನ ಮೇಲಿಟ್ಟುಕೊಂಡೇ ಕಂಪ್ಯೂಟರ್ ಕುಟ್ಟುತ್ತಿದ್ದರು.

ಬಿಡದಿಯಲ್ಲಿ ಕಾರ್ಖಾನೆಗಳು ಎದ್ದು, ನಮ್ಮ ರಾಮನಗರದಲ್ಲೂ ಬಾಡಿಗೆ ಮನೆ ಸಿಗದ ಕಾಲ. ಅವರು ಬಿಡದಿಯ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್. ಊರು ಕೆಂಪಾಪುರದ ಹತ್ತಿರ. ಮದುವೆಯಾಗಿರಲಿಲ್ಲ. ನಾನು ಗಂಡಸರೆದುರು ಬಾಗಿಲ ಮರೆಯಿಂದಲೇ ಮಾತಾಡುವವಳು; ಅವರ ಉಪ್ಪಿಲ್ಲದ ಸಾರನ್ನು ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ.

ಯಂತ್ರಗಳ ಬಿಸಿಯನ್ನು ಬರೆದಿಡುವ ಪೆಟ್ಟಿಗೆಯನ್ನು ಅವರ ಕಂಪನಿ ಮಾಡುತ್ತಿತ್ತು. ಕರೆಂಟು ಹೋದರೆ ಬರೆದದ್ದು ಅಳಿಸಿಹೋಗುತ್ತಿತ್ತು. ಕಂಪ್ಯೂಟರಿನೊಳಗೆ ಯಜಮಾನನಂಥ ಕರ್ನಲ್ ಎಂಬುದೊಂದಿದೆ. ಕರೆಂಟು ಹೋದರೂ ಬರೆದದ್ದು ಉಳಿಯುವ ಡಿಸ್ಕನ್ನು ಪ್ರೋಗ್ರಾಮುಗಳು ತಾವೇ ಮುಟ್ಟುವ ಹಾಗಿಲ್ಲ, ಆ ಕೆಲಸದ ನಂಬರು ಹೇಳಿ ಕರ್ನಲ್ಲನ್ನು ಕೇಳಬೇಕು. ಆ ಕೇಳುವಿಕೆಯೇ ಸಿಸ್ಟಮ್ ಕಾಲ್. ಫೈಲಿನ ಬೇಕಾದ ಭಾಗವನ್ನು ಕೂಡಲೇ ಡಿಸ್ಕಿಗೆ ಮುಟ್ಟಿಸುವ ಹೊಸ ಕಾಲ್ ಒಂದನ್ನು ಅವರು ಬರೆದರು. ಲೋಕದ ತುಂಬ ಇರುವ, ಕರ್ನಲ್ಲನ್ನು ನೋಡಿಕೊಳ್ಳುವವರು ಅದನ್ನು ಒಪ್ಪಿದ ದಿನ ಮೈಸೂರುಪಾಕು ಹಿಡಿದು ಕೆಳಗೆ ಬಂದರು.

"ಏನ್ಲಾ, ಹೆಣ್ಣು ಗೊತ್ತಾಯ್ತಾ?" ಎಂದರು ನಿಮ್ಮ ತಾತ.

"ಅದುಕ್ಕಿಂತ ದೊಡ್ದು ಕಣಣ್ಣ."

"ಹಂಗಾರೆ ಹೆಣ್ ಕೊಡೋರು ಇನ್ನೂ ದೂರ ಓಡ್ತಾರೆ, ಬುಡು."

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಡುಗೆಮನೆ ಬಾಗಿಲಲ್ಲಿ ಬಂದು ಕೂತರು. ಮುಖ ಬೂದಿಯಾಗಿತ್ತು. "ನಮ್ ಪೆಟ್ಟಿಗೇಲಿ ಅದು ನಡೀತಿಲ್ಲ ಕಣಕ್ಕ. ಆರು ಲೋಟ ಕೊಡಿ, ತೋರಿಸ್ತೀನಿ."

ಅವರು ತಮ್ಮ ಕಂಪ್ಯೂಟರಿನಲ್ಲಿ ಮಾತ್ರ ನಡೆಸಿ ನೋಡಿದ್ದರು. ಪೆಟ್ಟಿಗೆಯ ಪ್ರೊಸೆಸರ್ ಬೇರೆ ಜಾತಿಯದು. ಒಂದೊಂದು ಜಾತಿಗೂ ಬೇರೆ ನಂಬರು, ಬೇರೆ ಕಟ್ಟಳೆ, ನೋಡಿಕೊಳ್ಳುವವರೂ ಬೇರೆ. ಕರ್ನಲ್ಲಿಗೆ ಹೇಳುವುದೆಲ್ಲ ಆರು ಲೋಟದೊಳಗೆ ಹಿಡಿಯಬೇಕು ಎಂದರು. ಯಾವ ಫೈಲು ಎಂಬುದಕ್ಕೆ ಮೊದಲ ಲೋಟಕ್ಕೆ ಒಂದು ಅವರೆಕಾಳು ಹಾಕಿದರು. ಎಲ್ಲಿಂದ, ಎಷ್ಟುದ್ದ ಎನ್ನುವವು ದೊಡ್ಡವು, ಒಂದೊಂದಕ್ಕೂ ಎರಡು ಲೋಟ. ಪೆಟ್ಟಿಗೆಯ ಪ್ರೊಸೆಸರಿನಲ್ಲಿ ಲೋಟಗಳು ಎರಡೆರಡರ ಜೋಡಿ, ದೊಡ್ಡದು ಜೋಡಿಯ ಮೊದಲ ಲೋಟದಿಂದಲೇ ಶುರುವಾಗಬೇಕಂತೆ. ಅದಕ್ಕೆ ಎರಡನೆಯದನ್ನು ಖಾಲಿ ಬಿಟ್ಟು ಮೂರು-ನಾಲ್ಕು, ಐದು-ಆರು ತುಂಬಿದರು. ಹೇಗೆ ಮುಟ್ಟಿಸಬೇಕು ಎನ್ನುವ ಇನ್ನೊಂದು ಸಣ್ಣ ಕಾಳು ಕೈಯಲ್ಲೇ ಉಳಿಯಿತು.

"ನೋಡಿ, ಇದಕ್ಕೆ ಜಾಗ ಇಲ್ಲ. ಸಣ್ಣವೆರಡನ್ನೂ ಮೊದಲ್ನೇ ಜೋಡೀಲಿ ಇಟ್ಟಿದ್ರೆ ಎಲ್ಲಾ ಕಡೆ ಸರಿಹೋಗೋದು."

"ಈಗ ಇಟ್ರಾಯ್ತಲ್ಲ?" ಎಂದೆ.

"ಹೊರಗೆ ಬುಟ್ಮೇಲೆ ಬದಲಾಯ್ಸೋ ಹಂಗಿಲ್ಲಕ್ಕ. ಅದನ್ನ ನಂಬ್ಕಂಡು ಯಾರ್ಯಾರೋ ಬರ್ದ್ಬುಟ್ಟಿರ್ತಾರೆ. ನಂಬಿದೋರ್ನ ಬೀಳಿಸ್ಬಾರ್ದು."

ತಪ್ಪನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿ ಸರಿಯಾದ ಇನ್ನೊಂದನ್ನು ಸೇರಿಸಬೇಕಾಯಿತು. ಒಂದೇ ಕೆಲಸಕ್ಕೆ ಎರಡು ಕಾಲ್, ಶಾಶ್ವತವಾಗಿ. ಒಂದೊಂದು ಜಾತಿಯ ಪ್ರೊಸೆಸರ್ ನೋಡಿಕೊಳ್ಳುವವರಿಗೂ ಬರೆದು, ಸೇರಿಸಿ ಎಂದು ಕೇಳಿಕೊಂಡರು. ಕೆಲವರು ಸೇರಿಸಿದರು. ಎರಡು ಯಾಕೆ ಎಂದು ಕೆಲವರು ಕೇಳಿದರು. ಅವರಿಗೆಲ್ಲ ತಮ್ಮ ತಪ್ಪನ್ನು ಮತ್ತೆ ಮೊದಲಿಂದ ವಿವರಿಸಿದರು. ಉಳಿದವರು ಉತ್ತರವನ್ನೇ ಕೊಡಲಿಲ್ಲ. ಅಷ್ಟರಲ್ಲಿ ಕಂಪನಿ ಪೆಟ್ಟಿಗೆ ಮಾಡುವುದನ್ನೇ ಬಿಟ್ಟಿತು.

"ಅವ್ರೇ ಬ್ಯಾಡ ಅಂದ್ಮೇಲೆ ನಿಂಗ್ಯಾಕ್ಲಾ?" ಎಂದರು ನಿಮ್ಮ ತಾತ.

"ಒಂದು ಕಡೆ ಐತೆ, ಇನ್ನೊಂದು ಕಡೆ ಇಲ್ಲ ಅಂದ್ರೆ ಯಾರೂ ಬಳ್ಸಾಕಿಲ್ಲ ಅಣ್ಣ. ಇದ್ದೂ ಇಲ್ದಂಗೆ."

ಡಯಾಲಿಸಿಸ್‌ಗೆ ಬೆಂಗಳೂರಿನ ರೈಲು ಹತ್ತುವ ಮುಂಚೆ ಉತ್ತರ ಬಂದಿದೆಯೇ ಎಂದು ಕಂಪ್ಯೂಟರ್ ಹಾಕಿ ನೋಡುವರು, ಬಂದ ಮೇಲೆ ಚಪ್ಪಲಿಯಲ್ಲೇ ಹೋಗಿ ನೋಡುವರು. "ಬಂತಾ?" ಎಂದು ಬಾಗಿಲ ಮರೆಯಿಂದ ಕೇಳುತ್ತಿದ್ದೆ. ಇಲ್ಲವೆಂದು ತಲೆಯಾಡಿಸುತ್ತಿದ್ದರು. ಆಮೇಲೆ ಕೇಳುವುದನ್ನು ನಿಲ್ಲಿಸಿದೆ.

ಮಾವು ಹೂ ಬಿಡುವ ಹೊತ್ತಿಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದವರು ಹಿಂದಿರುಗಲಿಲ್ಲ. ಮನೆ ಖಾಲಿ ಮಾಡಲು ಬಂದ ಅವರಣ್ಣ, "ಏನ್ ಕೆಲ್ಸ ಮಾಡ್ತಿದ್ದ ಇವನು?" ಎಂದು ಕೇಳಿದರು. "ಎಂಥದೋ ಕಂಪ್ಯೂಟ್ರು" ಎಂದರು ನಿಮ್ಮ ತಾತ. ಅವರಣ್ಣ ಸರಿ ಎಂದು ಗಾಡಿ ಹತ್ತಿದರು. ಅವರ ಸಿಸ್ಟಮ್ ಕಾಲ್ ಎಲ್ಲ ಕಡೆ ಸೇರಲಿಲ್ಲ. ಇನ್ನು ಸೇರಿಸುವವರೂ ಯಾರಿದ್ದಾರೆ?

ಹಳ್ಳಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನನಗೂ ಅರ್ಥವಾಗುತ್ತದೆ ಎಂದು ನೆಲದಲ್ಲಿ ಕೂತು ಹೇಳಿಕೊಟ್ಟವರು ಅವರೊಬ್ಬರೇ. ಆ ಋಣಕ್ಕೆ ಇಷ್ಟು ಬರೆದೆ. ನಾನು ಹೋದ ಮೇಲೆ ಈ ಊರಲ್ಲಿ ಅವರ ಆ ಕೆಲಸವನ್ನು ಬಲ್ಲವರು ಇರುವುದಿಲ್ಲ. ಮಕ್ಕಳೇ, ಅರ್ಥವಾಗದಿದ್ದರೂ ಪರವಾಗಿಲ್ಲ, ಈ ಹಾಳೆಗಳನ್ನು ರದ್ದಿಗೆ ಹಾಕದೆ ಒಂದು ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.