ಹಿಟ್ಟಿನ ಹುಡುಗಿಗೆ ಅತ್ತೆಯ ಉತ್ತರ

ನಮ್ಮತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬೇಕೆಂದರೆ ಅವರ ಸೊಸೆಯಾಗಿರಬಾರದು, ಗುರುತು ಪರಿಚಯವಿಲ್ಲದವರಾಗಿರಬೇಕು. ಮದುವೆಯಾಗಿ ಬಂದಾಗಿನಿಂದ ಅವರ ಬೇಕರಿಯಲ್ಲಿ ಹಿಟ್ಟು ನಾದುತ್ತಿರುವ ನಾನು ಹೇಳುತ್ತಿದ್ದೇನೆ, ನಂಬಿ.

ಮಾವ ತೀರಿಕೊಂಡ ಮೇಲೆ ಈ ಬೇಕರಿಯನ್ನು ಒಬ್ಬರೇ ನಡೆಸಿದವರು ಅವರು. ಆಗಿನ್ನೂ ಚಿಕ್ಕವರಾಗಿದ್ದ ನಮ್ಮ ಯಜಮಾನರನ್ನು ಹಿಟ್ಟಿನ ಮೂಟೆಯ ಮೇಲೆ ಮಲಗಿಸಿ ಓವನ್ ಹಚ್ಚುತ್ತಿದ್ದರಂತೆ. ಈಗ ಕಣ್ಣು ಮಂಜು. ಹಾಗಾಗಿ ಕೆಲವು ತಿಂಗಳಿಂದ ಓವನ್ ನನ್ನ ಕೈಗೆ ಬಂದಿದೆ. ಅತ್ತೆ ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು, ನಾನು ತೆಗೆದ ಬ್ರೆಡ್ಡನ್ನು ಮಗುಚಿ, ತಳ ತಟ್ಟಿ ಕಿವಿಗೊಡುತ್ತಾರೆ. ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ, "ಹೂಂ" ಅನ್ನುತ್ತಾರೆ. ಮಂಕು ಸದ್ದು ಬಂದರೆ "ಊಹೂಂ". ಮುಗಿಯಿತು. ಈ ಮನೆಯಲ್ಲಿ ನನಗೆ ಸಿಕ್ಕ ಹೊಗಳಿಕೆಯೆಲ್ಲ ಆ "ಹೂಂ" ಒಂದೇ.

ಇಂಥವರಿಗೆ ಇಂಟರ್‌ನೆಟ್ ಹಿಡಿಸಿದ್ದು ಯಜಮಾನರು. ಮನೆಯಲ್ಲಿ ಬ್ರೆಡ್ಡು ಮಾಡಲು ಕಲಿಯುವವರು ಪ್ರಶ್ನೆ ಕೇಳುವ, ಬಲ್ಲವರು ಉತ್ತರ ಕೊಡುವ ಗುಂಪೊಂದಕ್ಕೆ ತಾಯಿಯನ್ನು ಸೇರಿಸಿ, "ಅಮ್ಮನಿಗೆ ಹೊತ್ತು ಹೋಗುತ್ತೆ ಬಿಡು" ಎಂದರು. ಹೊತ್ತು ಹೋದದ್ದು ನನ್ನದು! ಪ್ರಶ್ನೆ ಓದಿ ಹೇಳುವವಳು ನಾನು, ಫೋಟೋ ಹೇಗಿದೆಯೆಂದು ವರ್ಣಿಸುವವಳು ನಾನು, ಅವರು ಹೇಳಿದ ಉತ್ತರವನ್ನು ಫೋನಿನಲ್ಲಿ ಒತ್ತುವವಳೂ ನಾನೇ.

ಆ ಉತ್ತರಗಳೋ! ಮೊದಲು, ಏನು ಚೆನ್ನಾಗಿ ಬಂದಿದೆಯೋ ಅದನ್ನು ಹುಡುಕಿ ಹೇಳಬೇಕು. ಆಮೇಲೆ ಒಂದೇ ಒಂದು ತಪ್ಪು. ಕೊನೆಗೆ, ನಾಳೆ ಏನು ಮಾಡಬೇಕೆಂಬುದು.

"ಈ ಹುಡುಗಿಯ ಬ್ರೆಡ್ಡಲ್ಲಿ ನಾಲ್ಕು ತಪ್ಪಿದೆ ಅತ್ತೆ," ಎಂದೆ ಒಮ್ಮೆ.

"ಒಂದೇ ಬರಿ. ನಾಲ್ಕೂ ಹೇಳಿದ್ರೆ ಪಾಪ, ಹೆದರಿ ಹಿಟ್ಟನ್ನೇ ಮುಟ್ಟಲ್ಲ."

ಹೆದರುತ್ತಾಳಂತೆ! ನಾನು ಹೆದರಿದ್ದೆನೋ ಇಲ್ಲವೋ, ಯಾರು ಕೇಳಿದರು?

ಅವಳು ಗುಂಪಿನಲ್ಲಿ "ಹಿಟ್ಟಿನ ಹುಡುಗಿ" ಅಂತ ಹೆಸರಿಟ್ಟುಕೊಂಡವಳು. ದಿನಾ ಹಾಜರ್. ಅವಳ ಬ್ರೆಡ್ಡೋ, ಯಾರೋ ಮೇಲೆ ಕೂತೆದ್ದ ದಿಂಬಿನ ಹಾಗೆ. ಅತ್ತೆ ಮಾತ್ರ, "ಬರಿ. ಪುಟ್ಟಾ, ಬಣ್ಣ ಎಷ್ಟು ಚೆನ್ನಾಗಿ ಬಂದಿದೆ! ಉಬ್ಬೋಕೆ ಇನ್ನೂ ಸ್ವಲ್ಪ ಹೊತ್ತು ಬಿಡು, ಅಷ್ಟೇ," ಎಂದರು. ಪುಟ್ಟಾ! ನನ್ನ ಮೈಯೆಲ್ಲ ಉರಿದುಹೋಯಿತು. ಉಳಿದದ್ದನ್ನೆಲ್ಲ ನಿಯತ್ತಾಗಿ ಒತ್ತಿದೆ, ಅದೊಂದನ್ನು ಒತ್ತಲಿಲ್ಲ. ಇವತ್ತಿನವರೆಗೂ ಆ ಹುಡುಗಿಗೆ ನಮ್ಮತ್ತೆಯ ಒಂದೇ ಒಂದು "ಪುಟ್ಟಾ" ತಲುಪಿಲ್ಲ. ಹೊಟ್ಟೆಕಿಚ್ಚು ಅಂತೀರಾ? ಹೌದ್ರೀ, ಹೊಟ್ಟೆಕಿಚ್ಚೇ.

ಕಳೆದ ವಾರ ನನ್ನ ಬ್ರೆಡ್ಡು ಮತ್ತೆ ಕೆಟ್ಟಿತು. ಟ್ರೇಯ ಒಂದು ಕಡೆಯವು ಕರಕಲು, ಇನ್ನೊಂದು ಕಡೆಯವು ಬಿಳಚು. ಅತ್ತೆ ತಟ್ಟಿದರು, "ಊಹೂಂ" ಎಂದರು, ಕೆಳಗಿಟ್ಟರು. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಎಂದಿನಂತೆ ಫೋನು ಹಿಡಿದು ಅವರ ಪಕ್ಕ ಕೂತೆ. ಅದೇನು ತಲೆಗೆ ಹತ್ತಿತೋ, ಫೋನಿನಲ್ಲಿ ಇಲ್ಲದ ಪ್ರಶ್ನೆಯೊಂದನ್ನು ಓದಿದೆ.

"ಯಾರೋ ಹೊಸಬರು ಕೇಳಿದ್ದಾರೆ ಅತ್ತೆ. ಟ್ರೇಯ ಒಂದು ಕಡೆ ಸೀದುಹೋಗುತ್ತಂತೆ, ಇನ್ನೊಂದು ಕಡೆ ಬೇಯಲ್ವಂತೆ. ದಿನಾ ಮಾಡ್ತಾರಂತೆ, ಆದ್ರೂ ತಮಗೆ ಈ ಕೆಲಸ ಬರುತ್ತೋ ಇಲ್ವೋ ಅಂತ ಅನುಮಾನವಂತೆ. ಹತ್ತಿರದವರು ಯಾರೂ ಏನೂ ಹೇಳಲ್ವಂತೆ."

ಕೊನೆಯದನ್ನು ಹೇಳುವಾಗ ಫೋನಿನ ಪರದೆಯನ್ನು ಸುಮ್ಮನೆ ಮೇಲೆ ಕೆಳಗೆ ಸರಿಸಿದೆ.

ಅತ್ತೆ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. ಆಮೇಲೆ, "ಬರಿ," ಎಂದರು. "ಪುಟ್ಟಾ, ನೀನು ನಾದಿದ ಹಿಟ್ಟು ನನ್ನದಕ್ಕಿಂತ ಮೆತ್ತಗಿರುತ್ತೆ. ಆ ಹದ ಬರೋಕೆ ನನಗೆ ಅರ್ಧ ಆಯಸ್ಸು ಹಿಡೀತು."

ಈ ಸಲ "ಪುಟ್ಟಾ" ಒತ್ತಿದೆ. ಒತ್ತಿದ ಮೇಲೆ ಅನುಮಾನ ಬಂತು. ನಾನು ಹಿಟ್ಟಿನ ಮಾತೇ ಎತ್ತಿರಲಿಲ್ಲವಲ್ಲ?

"ತಪ್ಪು ಒಂದೇ. ಆ ಓವನ್ ಎಡಗಡೆ ಜಾಸ್ತಿ ಕಾಯುತ್ತೆ, ನಿನ್ನ ಮಾವ ಇದ್ದಾಗಿಂದಲೂ ಹಾಗೇ. ನಾಳೆ ಅರ್ಧ ಬೆಂದ ಮೇಲೆ ಟ್ರೇ ತಿರುಗಿಸಿ ಇಡು."

ನಿನ್ನ ಮಾವ! ನನ್ನ ಬೆರಳು ನಿಂತಿತು.

"ಇದನ್ನ ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಅತ್ತೆ?" ದನಿ ತಾನಾಗಿ ಏರಿತು. "ಕಂಡುಕೇಳದವರಿಗೆಲ್ಲ ಬಾಯಿ ತುಂಬ ಹೇಳ್ತೀರಿ!"

"ಅವರು ಬಿಟ್ಟುಹೋಗ್ತಾರೆ ಅಂತ ಭಯ ಕಣೇ. ನೀನು ಎಲ್ಲೂ ಹೋಗಲ್ಲ ಅಂತ ಧೈರ್ಯ." ಅತ್ತೆ ಕೈಚಾಚಿ ನನ್ನ ಮೊಣಕೈ ಹುಡುಕಿದರು. "ಅದು ನಂದೇ ತಪ್ಪು. ಅದನ್ನೂ ಬರಿ."

ಬರೆದೆ. ಕಣ್ಣು ತುಂಬಿಕೊಂಡು ಒಂದಕ್ಷರದ ಬದಲು ಇನ್ನೊಂದನ್ನು ಒತ್ತಿ, ಅಳಿಸಿ, ಮತ್ತೆ ಬರೆದೆ.

"ಗುಂಪಿಗೂ ಹಾಕು," ಎಂದರು ಅತ್ತೆ. "ಟ್ರೇ ತಿರುಗಿಸೋ ವಿಷಯ ಆ ಹಿಟ್ಟಿನ ಹುಡುಗಿಗೂ ಉಪಯೋಗ ಆಗುತ್ತೆ."

"ಅವಳಿಗೆ ಬೇರೆ ಬರೆಸಿ," ಎಂದೆ. "ಇದು ನಂದು."